ಶರಣವ್ವ ಉರ್ಫ್ ಶಹಜಾದಿ

ಪಶುಗಣತಿಯವನು ಬಂದ ದಿನ ನಮ್ಮ ಆಯಿ ಅವನ ಕೂಡ ಜಗಳ ತೆಗೆದಿದ್ದಳು. ಆಕಳು ಎರಡು, ಎತ್ತು ಒಂದು ಜೋಡಿ, ಎಮ್ಮೆ ಇಲ್ಲ, ಕೋಳಿ ಇಲ್ಲ, ನಾಯಿ ಒಂದು ಎಂದು ಕಟ್ಟೆಯ ಮೇಲೆ ಕುಳಿತು ಬರೆದುಕೊಂಡು ಅವನು ಕಾಗದ ಮಡಚುತ್ತಿದ್ದ. 'ಬೆಕ್ಕ ಬರಕೊಂಡಿಲ್ಲಲ್ಲ ತಮ್ಮಾ?' ಎಂದಳು ಆಯಿ. ಅವನಿಗೆ ಕನ್ನಡ ಬಾರದು, ಅಪ್ಪ ಮರಾಠಿಯಲ್ಲಿ ತಿಳಿಸಿ ಹೇಳಿದ. 'ಆಜಿ, ಮಾಂಜರಾಚಾ ರಕಾನಾಚ ನಾಹಿ' ಎಂದು ಅವನು ಕಾಗದ ಬಿಚ್ಚಿ ತೋರಿಸಿದ. ಬೆಕ್ಕಿಗೆ ಖಾನೆಯೇ ಇರಲಿಲ್ಲ. 'ನಾಯಿಗಿ ಅದ, ಬೆಕ್ಕಿಗಿ ಇಲ್ಲಾ? ನಾಯಿ ಏನ್ ಹೊಲ ಉಳ್ತದೇನು?' ಎಂದು ಆಯಿ ಅಡ್ಡ ನಿಂತಳು. ಕೊನೆಗೆ ಆ ಮನುಷ್ಯ ಕಾಗದದ ಅಂಚಿನಲ್ಲಿ ಪೆನ್ಸಿಲಿನಿಂದ ಏನೋ ಗೀಚಿ, ಚಹಾ ಕುಡಿದು ಹೋದ.

ಈಗಲೂ ಖಾನೆ ಇಲ್ಲ. 2024ರ ಅಕ್ಟೋಬರಿನಲ್ಲಿ ಶುರುವಾದ 21ನೇ ಪಶುಗಣತಿಯ ಪಟ್ಟಿ ನೋಡಿದೆ. ದನ, ಎಮ್ಮೆ, ಕುರಿ, ಮೇಕೆಗಳ ಜೊತೆಗೆ ಕತ್ತೆ, ಒಂಟೆ, ಮೊಲ, ನಾಯಿ, ಕಡೆಗೆ ಆನೆಗೂ ಜಾಗ ಸಿಕ್ಕಿದೆ. ಬೆಕ್ಕಿಗಿಲ್ಲ. ಗಣತಿ ಮಾಡುವವರ ಮೇಲೆ ನನಗೆ ಸಿಟ್ಟೇನಿಲ್ಲ. ಬೆಕ್ಕನ್ನು ಯಾವ ಮನೆಯ ಲೆಕ್ಕಕ್ಕೆ ಹಾಕಬೇಕು ಎಂದು ಅವರು ಯೋಚಿಸುವಷ್ಟರಲ್ಲಿ ಅದು ಮುಂದಿನ ಮನೆಯ ಮಾಳಿಗೆ ಏರಿರುತ್ತದೆ. ನಮ್ಮ ಬೆಕ್ಕಂತೂ ಎರಡು ಮನೆಯಲ್ಲಿ ಎರಡು ಹೆಸರು ಇಟ್ಟುಕೊಂಡು ಸಂಸಾರ ನಡೆಸಿದ್ದು. ಬರೆದುಕೊಂಡಿದ್ದರೆ ಎರಡು ಸಲ ಎಣಿಕೆಗೆ ಬರುತ್ತಿತ್ತು.

ನಮ್ಮೂರು ಶಿರೂರ ಅನಂತಪಾಳ. ಈಗ ಅದೇ ಒಂದು ತಾಲೂಕು, ನಾನು ಸಣ್ಣವನಿದ್ದಾಗ ನಿಲಂಗಾ ತಾಲೂಕಿನ ಒಂದು ದೊಡ್ಡ ಹಳ್ಳಿ. ನಿಜಾಮನ ಕಾಲದಲ್ಲಿ ನಿಲಂಗಾ, ಉದಗೀರ, ಅಹಮದಪುರ ಎಲ್ಲ ಬೀದರ ಜಿಲ್ಲೆಯವು. 1956ರಲ್ಲಿ ರಾಜ್ಯಗಳನ್ನು ಹೊಸದಾಗಿ ಕಟ್ಟುವಾಗ ಬೀದರ ಮೈಸೂರಿಗೆ ಹೋಯಿತು, ನಾವು ಉಸ್ಮಾನಾಬಾದ ಜಿಲ್ಲೆಗೆ ಸೇರಿ ಮುಂಬಯಿ ರಾಜ್ಯದವರಾದೆವು. 1960ರಲ್ಲಿ ಮಹಾರಾಷ್ಟ್ರ, 1982ರಲ್ಲಿ ಲಾತೂರ ಜಿಲ್ಲೆ. ಆಯಿ ಇದನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು: 'ನಾ ಈ ಒಲಿ ಮುಂದಿಂದ ಎದ್ದಿಲ್ಲ, ಊರೇ ತಿರಗ್ಲತ್ತದ.' ಮುತ್ಯಾ ಕಲಿತದ್ದು ಉರ್ದು ಶಾಲೆಯಲ್ಲಿ, ಅಪ್ಪ ಮತ್ತು ನಾನು ಮರಾಠಿ ಶಾಲೆಯಲ್ಲಿ. ಮನೆಯೊಳಗೆ ಮಾತ್ರ ಕನ್ನಡ. ಅದನ್ನು ಓದಲು ಬರೆಯಲು ಕಲಿಸಿದ್ದು ಭಾಲ್ಕಿಯ ಸೋದರಮಾವ, ಬೇಸಿಗೆ ಸೂಟಿಯಲ್ಲಿ, ಮಾವಿನಹಣ್ಣಿನ ಆಸೆ ತೋರಿಸಿ.

ಬೆಕ್ಕು ಬಂದದ್ದು ಉಜೇಡದ ಜಾತ್ರೆಯಿಂದ. ಉಜೇಡ ನಮ್ಮ ಹತ್ತಿರದ ಹಳ್ಳಿ, ದಾಖಲೆಯಲ್ಲಿ ಹಿಸಾಮಾಬಾದ. ಅಲ್ಲಿ ಜನವರಿಯಲ್ಲಿ ನಡೆಯುವ ದೊಡ್ಡ ಜಾತ್ರೆ ಯಾವ ದೇವರದ್ದೂ ಅಲ್ಲ, ಮಹಾತ್ಮಾ ಗಾಂಧಿಯದು. ಗಾಂಧಿಬಾಬಾ ಯಾತ್ರಾ ಎನ್ನುತ್ತಾರೆ. ತೊಟ್ಟಿಲು, ಕುಸ್ತಿ, ಜಿಲೇಬಿ, ಬತ್ತಾಸು, ಎಲ್ಲ ಜಾತ್ರೆಯ ಗದ್ದಲವೂ ಇರುತ್ತದೆ, ಹಿಂದೂ ಮುಸಲ್ಮಾನರೆನ್ನದೆ ಎಲ್ಲರೂ ಸೇರುತ್ತಾರೆ. ನಾನು ಎರಡನೇ ಇಯತ್ತೆಯಲ್ಲಿದ್ದೆ. ಜಿಲೇಬಿ ಅಂಗಡಿಯ ಭಟ್ಟಿಯ ಬೂದಿಯಲ್ಲಿ ಬೆಚ್ಚಗೆ ಕುಳಿತಿದ್ದ ಮರಿಯೊಂದನ್ನು ಮುತ್ಯಾ ಎತ್ತಿ, ಝಾಡಿಸಿ, ಟೊಪ್ಪಿಗೆಯೊಳಗೆ ಕೂಡಿಸಿದ. ಬೂದಿ ಉದುರಿದಾಗ ಬಿಳಿ, ಕರಿ, ಕೇಸರಿ ಮೂರು ಬಣ್ಣ ಕಂಡವು. 'ಹೆಣ್ಣದ' ಎಂದ ಮುತ್ಯಾ, ಬಾಲ ಎತ್ತಿ ನೋಡದೆಯೇ. ಮೂರು ಬಣ್ಣದ ಬೆಕ್ಕು ಹೆಣ್ಣೇ ಎಂಬುದು ಅವನು ಕಂಡು ತಿಳಿದದ್ದು. ಕರಿ ಮತ್ತು ಕೇಸರಿ ಬಣ್ಣದ ಗುಣ ಎಕ್ಸ್ ವರ್ಣತಂತುವಿನ ಮೇಲೆ ಕೂತಿರುತ್ತದೆ, ಎರಡೂ ಬರಬೇಕೆಂದರೆ ಎರಡು ಎಕ್ಸ್ ಬೇಕು, ಗಂಡಿಗೆ ಇರುವುದು ಒಂದೇ ಎಂದು ನನಗೆ ಗೊತ್ತಾದದ್ದು ಕಾಲೇಜಿನಲ್ಲಿ. ಸುಮಾರು ಮೂರು ಸಾವಿರಕ್ಕೊಂದು ಅಪವಾದ ಇರುತ್ತದೆ ಎಂದು ಹೇಳಲು ಹೋದರೆ ಮುತ್ಯಾ ಆಗ ಇರಲಿಲ್ಲ.

ಗಾಂಧಿ ಜಾತ್ರೆಯಿಂದ ಬಂದದ್ದಕ್ಕೆ ಕಾಕಾ ಅದಕ್ಕೆ ಗಾಂಧಿ ಎಂದೇ ಹೆಸರಿಡೋಣ ಎಂದ. ಮುತ್ಯಾ ಒಪ್ಪಲಿಲ್ಲ. ಅವನು ರಜಾಕಾರರ ಕಾಲ ಕಂಡವನು, ಗೋಡೆಯ ಮೇಲೆ ಗಾಂಧೀಜಿಯ ಫೋಟೋ ಇಟ್ಟವನು. 'ಇದು ಸತ್ಯಾನೂ ನುಡ್ಯಂಗಿಲ್ಲ, ಅಹಿಂಸಾನೂ ಪಾಳ್ಸಂಗಿಲ್ಲ. ಹಿರ್ಯಾರ ಹೆಸರ ಯಾಕ ಕೆಡಸ್ತಿ?' ಎಂದ. ಅಷ್ಟರಲ್ಲಿ ಮರಿ ಆಯಿ ಇಷ್ಟಲಿಂಗ ಪೂಜೆಗೆ ಕೂತಿದ್ದಲ್ಲಿಗೆ ಹೋಗಿ, ಅವಳ ತೊಡೆಯ ಪಕ್ಕ ಕಣ್ಣು ಮುಚ್ಚಿ ಕುಳಿತುಬಿಟ್ಟಿತ್ತು. ಆಯಿ ಕರಗಿ ಹೋದಳು. ಹಣೆಗೆ ವಿಭೂತಿ ಹಚ್ಚಿ, 'ಶರಣವ್ವ' ಎಂದಳು. ಮರಿ ಮುಂಗಾಲಿನಿಂದ ವಿಭೂತಿ ಒರೆಸಿಕೊಂಡು ಮತ್ತೆ ಕಣ್ಣು ಮುಚ್ಚಿತು.

ಆ ಹೆಸರಿಗೆ ಅದು ಜನ್ಮದಲ್ಲಿ ಒಮ್ಮೆಯೂ ಓಗೊಡಲಿಲ್ಲ. ಶರಣವ್ವ ಎಂದರೆ ಒಂದು ಕಿವಿ ಈ ಕಡೆ ತಿರುಗುತ್ತಿತ್ತು, ಅಷ್ಟೇ. ಆಯಿ ಕಿವುಡಿರಬೇಕು ಎಂದು ಕೆಲವು ದಿನ ಚಿಂತೆ ಮಾಡಿದಳು. ಆಮೇಲೊಮ್ಮೆ, ಓಣಿಯ ಆ ತುದಿಯಲ್ಲಿ ಮಲಗಿದ್ದ ಬೆಕ್ಕು ಈ ತುದಿಯಲ್ಲಿ ಹಾಲಿನ ಚರಿಗೆಯ ಮುಚ್ಚಳ ಸರಿದ ಸದ್ದಿಗೆ ಬಂದು ಎದುರಿಗೆ ನಿಂತಾಗ ಆ ಚಿಂತೆ ಹೋಯಿತು. 2019ರಲ್ಲಿ ಜಪಾನಿನ ಸಂಶೋಧಕರು ಬೆಕ್ಕುಗಳಿಗೆ ತಮ್ಮ ಹೆಸರಿನ ಗುರುತು ಇರುತ್ತದೆ ಎಂದು ಪರೀಕ್ಷೆ ಮಾಡಿ ಹೇಳಿದರು. ಬೇರೆ ಬೇರೆ ಶಬ್ದಗಳ ನಡುವೆ ತಮ್ಮ ಹೆಸರು ಬಂದಾಗ ಕಿವಿ, ತಲೆ ತಿರುಗಿಸುತ್ತವೆ, ಎದ್ದು ಬರುವುದು ಮಾತ್ರ ಅಪರೂಪ. ಓದಿ ನಗು ಬಂತು. ಇದನ್ನು ತಿಳಿಯಲು ಜಪಾನಿಗೆ ಹೋಗಬೇಕಿರಲಿಲ್ಲ.

ನಮ್ಮದು ದೇವಣಿ ಆಕಳು. ದೇವಣಿ ಊರೂ ನಮ್ಮ ಪಕ್ಕದ್ದೇ. ಬಿಳಿ ಮೈ ಮೇಲೆ ಕರಿ ಚುಕ್ಕೆ ಇರುವುದಕ್ಕೆ ಶೇವರಾ, ಮುಖ ಮಾತ್ರ ಕರಿ ಇದ್ದರೆ ವಾನ್ನೇರಾ, ಪೂರ್ತಿ ಬಿಳಿ ಇದ್ದರೆ ಬಾಲಂಕ್ಯಾ. ನಮ್ಮದು ಶೇವರಾ, ಸಿಟ್ಟಿನ ಸ್ವಭಾವ. ಅವ್ವನನ್ನು ಬಿಟ್ಟರೆ ಯಾರಿಗೂ ಕೆಚ್ಚಲು ಮುಟ್ಟಗೊಡುತ್ತಿರಲಿಲ್ಲ. ಆದರೆ ಶರಣವ್ವ ಅದರ ಹಿಂಗಾಲಿನ ನಡುವೆಯೇ ಹೋಗಿ ಕೂರುತ್ತಿತ್ತು. ಅವ್ವ ಹಿಂಡುವಾಗ ಒಂದು ಧಾರೆ ಓರೆಯಾಗಿ ಬಿಟ್ಟರೆ ಬಾಯಿ ತೆರೆದು ಹಿಡಿಯುತ್ತಿತ್ತು. ಬಟ್ಟಲಿಗೆ ಹಾಕಿ ಇಟ್ಟರೆ ಮೂಸಿ ನೋಡಿ, ಮುಂಗಾಲಿನಿಂದ ನೆಲ ಕೆರೆದು, ಹೇಸಿಗೆ ಮುಚ್ಚುವ ಹಾಗೆ ಮಾಡಿ ಹೋಗುತ್ತಿತ್ತು. ಅದೇ ಹಾಲನ್ನು ಅವ್ವ ನೆಲುವಿನ ಮೇಲಿಟ್ಟು ಬಾಗಿಲು ಹಾಕಿದರೆ ಬೆಳಕಿಂಡಿಯಿಂದ ಇಳಿದು ಕದ್ದು ಕುಡಿಯುತ್ತಿತ್ತು. ಕೊಟ್ಟದ್ದು ಬೇಡ, ಕದ್ದದ್ದು ಬೇಕು. ಅವ್ವ ಕೊನೆಗೆ ಒಂದು ಉಪಾಯ ಹೂಡಿದಳು. ಬೆಕ್ಕಿನ ಪಾಲನ್ನೇ ನೆಲುವಿನ ಮೇಲಿಟ್ಟು, ಮನೆಮಂದಿಯ ಹಾಲನ್ನು ನೆಲದ ಮೇಲೆ ಇಟ್ಟಳು. ಒಂದು ವಾರ ನಡೆಯಿತು. ಆಮೇಲೆ ಬೆಕ್ಕು ಎರಡನ್ನೂ ಕುಡಿಯಿತು.

ಅಪ್ಪನದು ಸಣ್ಣ ಅಡತ್ ಅಂಗಡಿ, ಮನೆಯ ಮುಂಭಾಗದಲ್ಲೇ. ತೊಗರಿ, ಉದ್ದು, ಹೆಸರು, ಜೋಳ. ನಮ್ಮ ಕಡೆಯ ತೊಗರಿ ಲಾತೂರಿನ ದಾಳ್ ಮಿಲ್ಲುಗಳಿಗೆ ಹೋಗುತ್ತದೆ, ಅಲ್ಲಿಂದ ದೇಶಕ್ಕೆಲ್ಲ. ಅಂಗಡಿಯ ತೊಲೆಗೆ ತೂಗುಹಾಕಿದ ದೊಡ್ಡ ತಕ್ಕಡಿ, ಎರಡು ಬದಿಗೂ ಸರಪಳಿ ಹಾಕಿದ ಕಬ್ಬಿಣದ ತಟ್ಟೆ. ಶರಣವ್ವ ಹಗಲು ಮಲಗುವುದು ಅದರ ಒಂದು ತಟ್ಟೆಯಲ್ಲಿ. ತಣ್ಣಗಿರುತ್ತದೆ, ನೆಲದಿಂದ ಮೇಲಿರುತ್ತದೆ, ಗಾಳಿಗೆ ಸಣ್ಣಗೆ ತೂಗುತ್ತದೆ. ಬಾಗಿಲಿಂದ ಬರುವವರನ್ನೆಲ್ಲ ಅಲ್ಲಿಂದ ನೋಡಬಹುದು. ಸಮತೂಕಕ್ಕೆಂದು ಅಪ್ಪ ಇನ್ನೊಂದು ತಟ್ಟೆಯಲ್ಲಿ ಒಂದು ಕಲ್ಲು ಇಟ್ಟಿದ್ದ. ರೈತರು ಚೀಲ ತಂದರೆ ಮೊದಲು ಬೆಕ್ಕನ್ನು ಎಬ್ಬಿಸಬೇಕು. ಎಬ್ಬಿಸಿದರೆ ಒಂದು ಆಕಳಿಕೆ, ಮೈ ಮುರಿಯುವುದು, ಮುಂಗಾಲು ನೆಕ್ಕುವುದು, ಆಮೇಲೆ ಕಿವಿಯ ಹಿಂದೆ. ಅಷ್ಟು ಹೊತ್ತು ಐವತ್ತು ಕಿಲೋ ಚೀಲ ಬೆನ್ನ ಮೇಲೆ ಹೊತ್ತು ಹಮಾಲ ನಿಂತಿರುತ್ತಿದ್ದ. ಒಬ್ಬ ಮುದುಕ ರೈತ ಅಪ್ಪನಿಗೆ ಕೇಳಿಯೇ ಬಿಟ್ಟ: 'ಸಾವಕಾರ್ರ, ದುಕಾನ್ ನಿಮ್ದೋ ಅದರ್ದೋ?' ಅಪ್ಪ ನಗಲಿಲ್ಲ. ಅವನಿಗೂ ಅನುಮಾನ ಇತ್ತು.

ಆಯಿಗೆ ಒಂದು ನಂಬಿಕೆ ಬಲವಾಗಿತ್ತು. ತಮ್ಮ ಶರಣವ್ವ ಬಾಯಿಗೆ ಮಾಂಸ ಮುಟ್ಟಿಸುವುದಿಲ್ಲ ಎಂದು. ಇಲಿ ಹಿಡಿಯುತ್ತದಲ್ಲ ಎಂದರೆ, 'ಹಿಡದು ಬಿಡ್ತದ, ಅದರ ಕೆಲಸ ಅದು' ಎನ್ನುವಳು. ಬಿಟ್ಟ ಇಲಿ ಎಲ್ಲಿ ಹೋಗುತ್ತಿತ್ತೆಂದು ನಾವು ಯಾರೂ ಕೇಳಲಿಲ್ಲ. ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿಯ ಕೆನೆ ಇದ್ದ ಭಾಗವನ್ನಷ್ಟೇ ತಿಂದು ಅದು ಉಳಿದದ್ದನ್ನು ಬಿಡುವುದನ್ನು ಕಂಡು, 'ನೋಡು, ಎಷ್ಟ್ ಮಿತ' ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು.

ನಮ್ಮ ಗೋಡೆಯ ಆಚೆ ಚಾಚಿಯ ಮನೆ. ಚಾಚಾ ಸಂತೆಯಲ್ಲಿ ಬಳೆ ಮಾರುವವರು, ಚಾಚಿ ಹೊಲಿಗೆ ಮಷಿನ್ ಇಟ್ಟುಕೊಂಡವರು. ಓಣಿಯ ಹೆಂಗಸರ ಜಂಪರೆಲ್ಲ ಅವರ ಕೈಯಿಂದಲೇ ಆಗಬೇಕು. ಆಯಿ ಅಲ್ಲಿಗೆ ಹೋಗುವುದು ಕಡಿಮೆ. ಹೋದರೂ ಹೊಸ್ತಿಲ ಮೇಲೆಯೇ ನಿಂತು ಮಾತಾಡಿ, ಅಳತೆಯ ಜಂಪರ್ ಕೊಟ್ಟು ಬರುವಳು. ಜಗಳವಿಲ್ಲ, ಪ್ರೀತಿಯೂ ಉಂಟು. ಒಲೆ ಮಾತ್ರ ಬೇರೆ ಎಂಬ ಎಚ್ಚರ ಎರಡೂ ಕಡೆ. ಒಂದು ರವಿವಾರ ಆಯಿ ಎಳ್ಳಮಾಸೆಗೆ ಮೊದಲು ಜಂಪರ್ ತರಲು ಹೋದಳು. ಮಷಿನ್ನಿನ ಕೆಳಗೆ, ಪೆಡಲಿನ ಪಕ್ಕ, ಚೀನೀ ಬಶಿಯಲ್ಲಿ ಎಲುಬು. ಎಲುಬಿನ ಮೇಲೆ ಶರಣವ್ವ. ಆಯಿ 'ಅಯ್ಯೋ!' ಎಂದಳು. ಬೆಕ್ಕು ತಲೆ ಎತ್ತಿ ಗುರುತೇ ಇಲ್ಲದವರನ್ನು ನೋಡುವ ಹಾಗೆ ನೋಡಿ, ಮತ್ತೆ ಬಶಿಗೆ ಬಾಗಿತು. 'ಶಹಜಾದಿ ಹೈ ಹಮಾರಿ, ಅಮ್ಮಾ. ರೋಜ್ ಆತೀ' ಎಂದರು ಚಾಚಿ ಹೆಮ್ಮೆಯಿಂದ. ಗೋಷ್ತು ಬಿಟ್ಟು ಬೇರೆ ಏನೂ ಮೂಸುವುದಿಲ್ಲ, ಹಾಲಿಟ್ಟರೆ ಮುಖ ತಿರುಗಿಸುತ್ತದೆ, ಶಾಹೀ ನಖರಾ ಎಂದೂ ಹೇಳಿದರು. ದಿನಾ ಹೊಟ್ಟೆ ತುಂಬಿಸಿಕೊಂಡೂ ರಾತ್ರಿ ಎಲ್ಲಿ ಮಲಗಲು ಹೋಗುತ್ತದೋ ಎಂಬುದೊಂದೇ ಅವರ ಕೊರಗು.

ಆಯಿ ಜಂಪರ್ ಮರೆತು ಮನೆಗೆ ಬಂದಳು. ಮುಸುಕು ಸರಿಮಾಡಿಕೊಂಡು ಒಲೆಯ ಮುಂದೆ ಕುಳಿತಳು. ಸಂಜೆ ಹಾಲಿನ ಹೊತ್ತಿಗೆ ಶರಣವ್ವ ಬಂತು, ಬಾಲ ನೆಟ್ಟಗೆ ಮಾಡಿಕೊಂಡು, ಏನೂ ಆಗದವರ ಹಾಗೆ ಆಯಿಯ ಮೊಳಕಾಲಿಗೆ ಮೈ ತಿಕ್ಕಿತು. ನಾವೆಲ್ಲ ಉಸಿರು ಬಿಗಿಹಿಡಿದು ಕಾದೆವು. ಆಯಿ ಬಹಳ ಹೊತ್ತು ಅದನ್ನು ನೋಡಿದಳು. ಆಮೇಲೆ ಬಟ್ಟಲಿಗೆ ಹಾಲು ಹಾಕುತ್ತ, 'ನಮ್ಮ ಮನ್ಯಾಗ ತಿಂದಿಲ್ಲಲ್ಲ. ಹೊರಗಿಂದು ಹೊರಗೇ' ಎಂದಳು. ಬಸ್ ಸ್ಟ್ಯಾಂಡಿನ ಆಮ್ಲೆಟ್ ಗಾಡಿಯ ಕಾಯಂ ಗಿರಾಕಿಯಾಗಿದ್ದ ಕಾಕಾ ತಾಟಿನಲ್ಲಿ ತಲೆ ಹುದುಗಿಸಿದ.

ನ್ಯಾಯವಾಗಿ ನೋಡಿದರೆ ತಪ್ಪು ಬೆಕ್ಕಿನದಲ್ಲ. ಬೆಕ್ಕಿನ ಜಾತಿ ಮಾಂಸದ ಮೇಲೇ ಬದುಕಬೇಕಾದದ್ದು. ಟಾರಿನ್ ಎಂಬ ಅಂಶ ಅದಕ್ಕೆ ಮಾಂಸದಿಂದಲೇ ಬರಬೇಕು, ಇಲ್ಲದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಸಿಹಿಯ ರುಚಿಯನ್ನು ಹಿಡಿಯುವ ಜೀನ್ ಅದರಲ್ಲಿ ಕೆಟ್ಟು ನಿಂತಿದೆ ಎಂದು 2005ರಲ್ಲಿ ಪತ್ತೆಯಾಯಿತು. ನಮ್ಮ ಹೋಳಿಗೆ, ಚಾಚಿಯ ಶೀರ್ ಖುರ್ಮಾ ಎರಡಕ್ಕೂ ಅದು ಬರುತ್ತಿದ್ದುದು ತುಪ್ಪಕ್ಕೆ, ಹಾಲಿನ ಕೊಬ್ಬಿಗೆ. ಶ್ಯಾವಿಗೆಯನ್ನು ಬಶಿಯ ಅಂಚಿಗೆ ತಳ್ಳಿ ಕೆನೆ ಮಾತ್ರ ನೆಕ್ಕಿರುತ್ತಿತ್ತು. ಪಾಪ, ಎರಡೂ ಹಬ್ಬದ ಸಿಹಿ ಅದಕ್ಕೆ ತಿಳಿಯಲೇ ಇಲ್ಲ.

ಆ ರವಿವಾರದ ನಂತರ ಗೋಡೆಯ ಎರಡೂ ಕಡೆ ಒಂದು ಹೊಸ ಮಾತುಕತೆ ಶುರುವಾಯಿತು. ಬೆಳಗ್ಗೆ ಚಾಚಿ ಗೋಡೆಯ ಮೇಲಿಂದ, 'ಅಮ್ಮಾ, ಆಜ್ ಖಾಯೀ ಕ್ಯಾ?' ಎನ್ನುವರು. ಆಯಿ ತನ್ನ ಕನ್ನಡದಲ್ಲಿ, 'ಒಂದ್ ಬಟ್ಲ ಕುಡದದ, ನೀ ಜಾಸ್ತಿ ಹಾಕಬ್ಯಾಡ, ಹೊಟ್ಟಿ ಕೆಡ್ತದ' ಎನ್ನುವಳು. ಒಬ್ಬರ ಮಾತು ಒಬ್ಬರಿಗೆ ಪೂರ್ತಿ ತಿಳಿಯುತ್ತಿತ್ತೋ ಇಲ್ಲವೋ. ಬೆಕ್ಕಿನ ಹೊಟ್ಟೆಯ ಲೆಕ್ಕ ಮಾತ್ರ ತಪ್ಪುತ್ತಿರಲಿಲ್ಲ. ಚಾಚಿಯೇ ಒಮ್ಮೆ ಅಬು ಹುರೈರಾ ಅವರ ಕತೆ ಹೇಳಿದ್ದು. ಪೈಗಂಬರರ ಜೊತೆಗಾರರಾಗಿದ್ದ ಅವರಿಗೆ ಬೆಕ್ಕಿನ ಮರಿಗಳ ಮೇಲಿನ ಅಕ್ಕರೆಯಿಂದಲೇ ಆ ಹೆಸರು ಬಂತಂತೆ. ಆಯಿ ಅದನ್ನು ಕೇಳಿ, 'ನಮ್ಮಲ್ಲೂ ಬೆಕ್ಕ ಕೊಂದ್ರ ಕಾಶಿಗಿ ಬಂಗಾರದ ಬೆಕ್ಕ ಕೊಡಬೇಕ' ಎಂದು ತನ್ನ ಕಡೆಯ ತೂಕವನ್ನೂ ಹಾಕಿದಳು. ರೋಜಾ ತಿಂಗಳಲ್ಲಿ ಚಾಚಿ ಸಹರಿಗೆ ಎದ್ದು ಪಾತ್ರೆ ಸಪ್ಪಳ ಮಾಡಿದ ಕೂಡಲೇ ಶಹಜಾದಿ ನಮ್ಮ ಮನೆಯ ಹಾಸಿಗೆಗಳನ್ನೆಲ್ಲ ತುಳಿದು, ಮಾಳಿಗೆ ಹತ್ತಿ ಆಚೆ ಓಡುತ್ತಿದ್ದಳು. ಹಾಗಾಗಿ ಆ ಒಂದು ತಿಂಗಳು ನಮ್ಮ ಲಿಂಗವಂತರ ಮನೆಗೂ ನಾಲ್ಕಕ್ಕೇ ಬೆಳಗಾಗುತ್ತಿತ್ತು.

ಎಳ್ಳಮಾಸೆ ಎಂದೆನಲ್ಲ. ಲಾತೂರ, ಈಗ ಧಾರಾಶಿವ ಎನಿಸಿಕೊಂಡ ಉಸ್ಮಾನಾಬಾದ, ಬೀದರ ಸೀಮೆಯ ದೊಡ್ಡ ಹಬ್ಬ ಅದು, ಮರಾಠಿ ಮಂದಿ ವೇಳಾ ಅಮಾವಾಸ್ಯಾ ಎನ್ನುತ್ತಾರೆ. ಅಂದು ಊರು ಖಾಲಿ, ಹೊಲ ತುಂಬ ಜನ. ಜೋಳದ ಕಣಿಕೆಯಿಂದ ಸಣ್ಣ ಕೊಪ್ಪೆ ಕಟ್ಟಿ, ಒಳಗೆ ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ ಪಾಂಡವರೆಂದು ಕೂಡಿಸಿ, ಶಾಲು ಹೊದಿಸಿ ಪೂಜೆ ಮಾಡುತ್ತೇವೆ. ಭಜ್ಜಿ, ಅಂಬಲಿ, ಉಂಡಿ, ಖೀರು, ರೊಟ್ಟಿ. ರಾತ್ರಿಯೆಲ್ಲ ಹೆಂಗಸರ ಅಡಿಗೆ, ಬೆಳಗಾದರೆ ಬಂಡಿ ಕಟ್ಟುವ ಗಡಿಬಿಡಿ. ಒಂದು ವರ್ಷ ಬಂಡಿಯಲ್ಲಿದ್ದ ಕಂಬಳಿಯೊಳಗೆ ಶರಣವ್ವ ಮಲಗಿದ್ದನ್ನು ಯಾರೂ ನೋಡಲಿಲ್ಲ. ಹೊಲ ಮುಟ್ಟಿದ ಮೇಲೂ ಗೊತ್ತಾಗಲಿಲ್ಲ. ಮುತ್ಯಾ ಪೂಜೆ ಮಾಡಿ, ಎಡೆ ಹಿಡಿದು, ಅಂಬಲಿ ಚೆಲ್ಲಲು ಹೊಲ ಸುತ್ತಿ ಬಂದ. ಕೊಪ್ಪೆಯಲ್ಲಿ ಕಲ್ಲು ಐದರ ಬದಲು ಆರಾಗಿದ್ದವು. ಆರನೆಯದು ಶಾಲಿನ ಕೆಳಗೆ, ಸಾಲಿನ ತುದಿಯಲ್ಲಿ, ಮೇಲೆ ಕೆಳಗೆ ಉಸಿರಾಡುತ್ತಿತ್ತು. ಮುಂದಿಟ್ಟ ಎಡೆಯಲ್ಲಿ ತುಪ್ಪದ ಗುರುತೇ ಇಲ್ಲ. ಆಯಿ ಹೌಹಾರಿ ಕೈ ಎತ್ತಿದಳು. ಮುತ್ಯಾ ತಡೆದ. 'ಇರಲಿ ಬಿಡ. ಕರ್ಣ ಬಂದಾನ. ಅವಾಗೂ ಯಾರೂ ಕರ್ದಿರಲಿಲ್ಲ, ಈಗರೇ ಉಣ್ಲಿ.'

ಮರಿ ಹಾಕುವಾಗ ಅದು ಇಡೀ ಓಣಿಯನ್ನೇ ಬಾಣಂತಿ ಕೋಣೆ ಮಾಡಿಕೊಳ್ಳುತ್ತಿತ್ತು. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ಹಿರಿಯರು ಹೇಳುವುದು ಸುಳ್ಳಲ್ಲ. ವಾಸನೆ ಹಿಡಿದು ನಾಯಿ, ಗಂಡುಬೆಕ್ಕು ಬರಬಾರದೆಂದು ತಾಯಿ ಜಾಗ ಬದಲಿಸುತ್ತದೆ. ನಮ್ಮದು ಆ ಕೆಲಸವನ್ನು ಸರ್ವೇ ಮಾಡುವವರ ಶಿಸ್ತಿನಿಂದ ಮಾಡುತ್ತಿತ್ತು. ಹೆರಿಗೆ ಚಾಚಿಯ ಮನೆಯ ಚಿಂದಿ ಬಟ್ಟೆಯ ಗಂಟಿನಲ್ಲಿ. ಕಣ್ಣು ಬಿಡುವ ಹೊತ್ತಿಗೆ ನಮ್ಮ ಜೋಳದ ಕಣಜದ ಹಿಂದೆ. ಅಲ್ಲಿಂದ ಪಾಟೀಲರ ವಾಡೆಯ ಅಟ್ಟ, ಅಲ್ಲಿಂದ ಗುರವರ ಮನೆಯ ನಗಾರಿಯ ಬದಿ. ಒಂದು ಸಲವಂತೂ ಶಾಲೆಯ ಕಪಾಟಿನಲ್ಲಿ, ನಕಾಶೆಗಳ ಸುರುಳಿಯ ನಡುವೆ. ಭೂಗೋಳದ ತಾಸಿನಲ್ಲಿ ಗುರೂಜಿ ಮಹಾರಾಷ್ಟ್ರದ ನಕಾಶೆ ಎಳೆದರೆ ನಾಲ್ಕು ಮರಿ ಉದುರಿದವು. ಇಡೀ ವರ್ಗ ಬೆಂಚಿನ ಮೇಲೆ. ಶರಣವ್ವ ಕಿಟಕಿಯಿಂದ ಬಂದು, ಒಂದೊಂದನ್ನೇ ಕತ್ತಿನ ತೊಗಲು ಹಿಡಿದು, ಗುರೂಜಿಯ ಕಾಲ ನಡುವೆಯೇ ಹಾದು ಸಾಗಿಸಿತು. ಗುರೂಜಿ ಅಷ್ಟು ಹೊತ್ತೂ ಕಾಲು ಅಗಲಿಸಿಕೊಂಡೇ ನಿಂತಿದ್ದರು.

ತುಪ್ಪದ ಗಡಿಗೆ ಒಡೆದ ವರ್ಷ ಕಾಕಾನ ತಾಳ್ಮೆ ತೀರಿತು. ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಸೈಕಲ್ಲಿನ ಹಿಂದೆ ಬಿಗಿದುಕೊಂಡು ಸಾಕೋಳದ ಹಾದಿ ಹಿಡಿದ. ಆಯಿ ಮಾತು ಬಿಟ್ಟಳು, ಚಾಚಿ ಗೋಡೆಯಾಚೆ ಅಳತೊಡಗಿದರು, ನಾನು ಓಣಿಯ ಕೊನೆಯವರೆಗೆ ಸೈಕಲ್ಲಿನ ಹಿಂದೆ ಓಡಿದೆ. ಕಾಕಾ ಬಿಸಿಲಲ್ಲಿ ಪೆಡಲು ತುಳಿದು, ಸಾಕೋಳದ ಕೆರೆಯ ಹತ್ತಿರ ಇಳಿದು, ದೂರ ನಿಂತು, ಕೋಲಿನಿಂದ ಚೀಲದ ಬಾಯಿ ಬಿಚ್ಚಿದನಂತೆ. ಏನೂ ಹೊರಗೆ ಬರಲಿಲ್ಲ. ಚೀಲ ಝಾಡಿಸಿದ. ನಾಲ್ಕು ತೊಗರಿ ಕಾಳು ಬಿದ್ದವು. ಚೀಲದ ತಳದ ಮೂಲೆಯಲ್ಲಿ ಮುಷ್ಟಿಯಷ್ಟು ತೂತು. ಅಂಗಡಿಯ ಚೀಲಗಳಲ್ಲಿ ಇಲಿ ಕಡಿಯದ ಚೀಲ ಯಾವುದಿತ್ತು? ಹೀಗೆ ಬೆಕ್ಕನ್ನು ಉಳಿಸಿದ್ದು ಇಲಿ. ಕಾಕಾ ಬೆವರು ಒರೆಸಿಕೊಳ್ಳುತ್ತ ಮನೆಗೆ ಬಂದಾಗ ಶರಣವ್ವ ತಕ್ಕಡಿಯಲ್ಲಿ ಮಲಗಿತ್ತು. ಓಣಿ ದಾಟುವ ಮೊದಲೇ ಇಳಿದಿರಬೇಕು. ಕಾಕಾನ ಮದುವೆಯ ಮಾತುಕತೆಗೆ ಬಂದ ಬೀಗರಿಗೂ ಈ ಸಂಗತಿ ಗೊತ್ತಿತ್ತು.

1993ರ ಸೆಪ್ಟೆಂಬರ್ 30ರ ಬಗ್ಗೆ ನಮ್ಮ ಕಡೆ ಯಾರೂ ಹಗುರವಾಗಿ ಮಾತಾಡುವುದಿಲ್ಲ. ಹಿಂದಿನ ದಿನ ಅನಂತ ಚತುರ್ದಶಿ, ಗಣಪತಿ ಕಳಿಸಿ ತಡರಾತ್ರಿ ಬಂದು ಮಲಗಿದ್ದೆವು. ನಸುಕಿನ ನಾಲ್ಕಕ್ಕೆ ನಾಲ್ಕು ನಿಮಿಷ ಇರುವಾಗ ನೆಲ ನಡುಗಿತು. ಕಿಲ್ಲಾರಿ, ಸಾಸ್ತೂರ ಸುತ್ತಿನ ಹಳ್ಳಿಗಳು ನೆಲಸಮವಾದವು. ಸರ್ಕಾರದ ಲೆಕ್ಕದಲ್ಲೇ ಎಂಟು ಸಾವಿರದ ಹತ್ತಿರ ಜೀವ ಹೋದವು. ಕೊಂದದ್ದು ಭೂಮಿಗಿಂತ ಹೆಚ್ಚಾಗಿ ನಮ್ಮ ಮನೆಗಳೇ: ಮಣ್ಣಿನಲ್ಲಿ ಕೂಡಿಸಿದ ಗುಂಡುಕಲ್ಲಿನ ದಪ್ಪ ಗೋಡೆ, ಮೇಲೆ ವರ್ಷ ವರ್ಷ ಮಣ್ಣು ಹಾಕಿ ಹಾಕಿ ಭಾರವಾದ ಮಾಳಿಗೆ. ನಮ್ಮೂರು ದೂರ ಇದ್ದುದಕ್ಕೆ ಉಳಿಯಿತು, ಗೋಡೆಗಳು ಬಿರಿದವು. ಮಳೆ ಬೇರೆ. ಓಣಿಯವರೆಲ್ಲ ಬಯಲಿನಲ್ಲಿ ತಾಡಪತ್ರಿ ಕಟ್ಟಿಕೊಂಡು ಮಲಗಿದೆವು, ನಮ್ಮ ಹಾಸಿಗೆಯ ಪಕ್ಕ ಚಾಚಿಯ ಮನೆಯವರ ಹಾಸಿಗೆ.

ಆ ದಿನಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ನಾಯಿ ಊಳಿಟ್ಟಿತ್ತು, ಎತ್ತು ಹಗ್ಗ ಜಗ್ಗಿತ್ತು, ಮೂಕಪ್ರಾಣಿಗೆ ಮೊದಲೇ ತಿಳಿಯುತ್ತದೆ. ಆಯಿಯನ್ನೂ ಕೇಳಿದರು, ನಿಮ್ಮ ಬೆಕ್ಕು ಏನು ಮಾಡಿತು ಎಂದು. ಅದು ತಕ್ಕಡಿಯಲ್ಲಿ ಮಲಗಿತ್ತು. ತಕ್ಕಡಿ ತೂಗಾಡಿ ಸರಪಳಿ ಸಪ್ಪಳ ಮಾಡಿದಾಗ ಕಣ್ಣು ಬಿಟ್ಟು ಮತ್ತೆ ಮುಚ್ಚಿತಂತೆ, ಮುತ್ಯಾನನ್ನು ಎತ್ತಿಕೊಂಡು ಓಡುತ್ತಿದ್ದ ಅಪ್ಪ ನೋಡಿದ್ದ. ಎಲ್ಲರೂ ಹೊರಗೆ ಬಂದ ಮೇಲೂ ಅದು ಮಾತ್ರ ಒಳಗೇ. ಹಿಡಿದು ತಂದು ತಾಡಪತ್ರಿಯ ಕೆಳಗೆ ಬಿಟ್ಟರೆ ಎರಡು ನಿಮಿಷ ಮುಲಾಜಿಗೆ ಕೂತು, ಎದ್ದು ಬಿರುಕು ಬಿಟ್ಟ ಮನೆಯೊಳಗೇ ಹೋಗುತ್ತಿತ್ತು. ಆಯಿ ಬೈಯುತ್ತ, ಅಪ್ಪನ ಕಣ್ಣು ತಪ್ಪಿಸಿ, ದಿನಾ ಹಾಲಿನ ಬಟ್ಟಲು ಹಿಡಿದು ಒಳಗೆ ಹೋಗುತ್ತಿದ್ದಳು. ಅವಳನ್ನು ಹೊರಗೆ ಕರೆತರಲು ಚಾಚಿ ಹೋಗುತ್ತಿದ್ದರು. ನಮ್ಮ ಅಡಿಗೆಮನೆಯೊಳಗೆ ಚಾಚಿ ಕಾಲಿಟ್ಟದ್ದು ಆಗಲೇ ಮೊದಲು. ಯಾರಿಗೂ ಅದು ಲಕ್ಷ್ಯಕ್ಕೆ ಬರಲಿಲ್ಲ, ಗೋಡೆ ಬೀಳುತ್ತದೋ ಎಂಬ ಹೆದರಿಕೆಯಲ್ಲಿ. ಹೊರಗೆ ಬಂದ ಮೇಲೆ ಇಬ್ಬರೂ ಕೂಡಿ ಬೆಕ್ಕಿಗೆ ಬೈಯುತ್ತಿದ್ದರು, ಎರಡು ಭಾಷೆಯಲ್ಲಿ.

ಆಮೇಲೆ ಮಾಳಿಗೆಯ ಮಣ್ಣು ಇಳಿಸಿ ಪತ್ರಾ ಹಾಕಿದೆವು. ಬೆಕ್ಕಿಗೆ ಪತ್ರಾ ಸೇರಲಿಲ್ಲ, ಬೇಸಿಗೆಯಲ್ಲಿ ಕಾಲು ಸುಡುತ್ತದೆ. ಕಾಲು ಸುಟ್ಟ ಬೆಕ್ಕಿನಂತೆ ಎಂಬ ಮಾತಿನ ಅರ್ಥ ನನಗೆ ಕಣ್ಣಾರೆ ಕಂಡದ್ದು ಆಗ. ಕೊನೆಕೊನೆಗೆ ಅದು ಗೋಡೆ ಹತ್ತುವುದನ್ನು ಬಿಟ್ಟು ಬಾಗಿಲಿನಿಂದ ಬಾಗಿಲಿಗೆ ನಡೆದು ಹೋಗುತ್ತಿತ್ತು, ಸೀರೆ ಸೆರಗು ಸರಿಮಾಡಿಕೊಂಡು ಹೋಗುವ ಮುತ್ತೈದೆಯ ಠೀವಿಯಲ್ಲಿ. ಒಂದು ಚಳಿಗಾಲದಲ್ಲಿ ಕಾಣಲಿಲ್ಲ. ಆಯಿ ಚಾಚಿಯ ಮನೆಯಲ್ಲಿದೆ ಎಂದುಕೊಂಡಳು, ಚಾಚಿ ಆಯಿಯ ಹತ್ತಿರ ಇದೆ ಎಂದುಕೊಂಡರು. ಗೋಡೆಯ ಮೇಲಿಂದ ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಹೊತ್ತಿಗೆ ಎಷ್ಟೋ ದಿನ ಕಳೆದಿದ್ದವು. ಹುಡುಕಿ ಸಿಗಲಿಲ್ಲ. ಆಯಿ ನನ್ನನ್ನು ಬಣವಿಯ ಹಿಂದೆ ಮತ್ತೆ ಮತ್ತೆ ಕಳಿಸಿದಳು.

ಈಗ ನಾನು ಪುಣೆಯಲ್ಲಿದ್ದೇನೆ. ಮೂರನೇ ಮಾಳಿಗೆಯ ಫ್ಲ್ಯಾಟು, ಮಗಳ ಹಟಕ್ಕೆ ತಂದ ಬೆಕ್ಕು. ಅದಕ್ಕೆ ಪುಡಿಕೆ ಊಟ, ಮರಳಿನ ತಟ್ಟೆ, ಡಾಕ್ಟರರ ಕಾರ್ಡು. ಕಾರ್ಡಿನಲ್ಲಿ ನಮ್ಮ ಮನೆತನದ ಅಡ್ಡಹೆಸರೂ ಅದಕ್ಕೆ ಸೇರಿದೆ. ಇದೊಂದೇ ಮನೆ, ಇದೊಂದೇ ಹೆಸರು. ಅದೂ ಕರೆದರೆ ಬರುವುದಿಲ್ಲ ಎನ್ನುವುದೊಂದೇ ಸಮಾಧಾನ.

ಹೋದ ಎಳ್ಳಮಾಸೆಗೆ ಊರಿಗೆ ಹೋಗಿದ್ದೆ. ಅಂಗಡಿ ಈಗ ತಮ್ಮನದು. ತೂಗುವ ತಕ್ಕಡಿ ಹೋಗಿ ನೆಲದ ಮೇಲೆ ಕಟ್ಟೆಯಂಥ ಎಲೆಕ್ಟ್ರಾನಿಕ್ ಕಾಟಾ ಬಂದಿದೆ. ಅದರ ನಡುಮಧ್ಯ ಒಂದು ಮೂರು ಬಣ್ಣದ ಬೆಕ್ಕು. ಯಾರದು ಎಂದರೆ ತಮ್ಮ ಚಾಚಿಯ ಮೊಮ್ಮಗನ ಕಡೆ ಕೈ ತೋರಿಸಿದ, ಆ ಹುಡುಗ ತಮ್ಮನ ಕಡೆ. ರೈತನೊಬ್ಬ ಹೊಸ ತೊಗರಿಯ ಚೀಲ ತಂದ. ತಮ್ಮ ಬೆಕ್ಕನ್ನು ಎಬ್ಬಿಸಲಿಲ್ಲ. ಟೇರ್ ಗುಂಡಿ ಒತ್ತಿದ. ಮೂರು ಕಿಲೋ ಚಿಲ್ಲರೆ ತೋರಿಸುತ್ತಿದ್ದ ಕೆಂಪಂಕಿ ಸೊನ್ನೆಗೆ ಬಂತು. ಅದರ ಪಕ್ಕಕ್ಕೇ ಚೀಲ ಇಳಿಸಲು ಹೇಳಿದ. ರೈತ ಅನುಮಾನದಿಂದ ನೋಡಿದ. 'ನಡಬರಕ ಎದ್ದು ಹೋದ್ರ ಮೂರ್ ಕಿಲೋ ನಂದೇ ಹೋತಲ್ಲಪಾ?' ಎಂದು ಬಗ್ಗಿ, ಬೆಕ್ಕು ಏಳದ ಹಾಗೆ ಅದರ ಬೆನ್ನ ಮೇಲೆ ಅಂಗೈ ಇಟ್ಟು ಒತ್ತಿ ಹಿಡಿದ.

'ಕೈ ತಗೀರಿ ಮಾಮಾ' ಎಂದ ತಮ್ಮ, 'ನಿಮ್ಮ ಕೈನೂ ತೂಕಕ್ಕ ಬರ್ಲತ್ತದ.'